ಏನನ್ನೂ ಕೇಳದ ಪೆನ್‌ಡ್ರೈವ್

ಅವಮಾನವನ್ನು ಮರೆತುಬಿಡಬೇಕೆಂದು ಉಪದೇಶಿಸುವವರು ಸಾಮಾನ್ಯವಾಗಿ ಅವಮಾನ ಮಾಡಿದವರೇ ಆಗಿರುತ್ತಾರೆ. ನಾನು ಮರೆಯುವವನಲ್ಲ. ನಿವೃತ್ತನಾದ ಮೇಲೂ ಚಳ್ಳಕೆರೆಯ ನಮ್ಮ ಕಾಲೇಜಿನ ಕಂಪ್ಯೂಟರ್ ಕೊಠಡಿಯನ್ನು ನೋಡಿಕೊಳ್ಳುತ್ತಿರುವ ನನ್ನನ್ನು ಆಡಳಿತ ಮಂಡಳಿಯ ಕಾರ್ಯದರ್ಶಿಗಳು ಯಾವ ಕುರ್ಚಿಯಲ್ಲಿ ಕುಳಿತು, ಯಾವ ಬಿಸ್ಕತ್ತನ್ನು ಚಹಾದಲ್ಲಿ ಅದ್ದುತ್ತ ಹಂಗಿಸಿದರೆಂಬುದು ಕೂಡ ನನಗೆ ನೆನಪಿದೆ. ಅವರದು ಎಣ್ಣೆ ಮಿಲ್ಲು. “ಮೇಷ್ಟ್ರೇ, ನಮ್ ಮಿಲ್ನಾಗೆ ಕಡ್ಲೆಕಾಯಿ ಎಣ್ಣೆಯಾಗಿ ಡಬ್ಬಿ ಸೇರಿದ್ರೂ ನಿಮ್ಮ ಕಂಪ್ಯೂಟ್ರು ಇನ್ನಾ ಕಣ್ಣೇ ಬಿಟ್ಟಿರಲ್ಲ. ದಿನಗಟ್ಲೆ ಪಕ್ಕದಾಗೆ ಕುಂತಿರ್ತೀರಲ್ರೀ, ಕಾವಿಗೆ ಕುಂತ ಕೋಳಿ ಹಂಗೆ! ಕುದಾಪುರದಾಗೆ ಅಷ್ಟು ಮಂದಿ ವಿಜ್ಞಾನಿಗಳವ್ರೆ, ಯಾರನ್ನಾರ ಕರೆಸೋಣೇನು?” ಸಭೆಯಲ್ಲಿದ್ದವರೆಲ್ಲ ನಕ್ಕರು. ಪ್ರಾಂಶುಪಾಲರು ತುಸು ತಡವಾಗಿ ನಕ್ಕರು. ಅರ್ಥವಾಗದೆಯೂ ನಕ್ಕದ್ದರಿಂದ ಅವರ ಅಪರಾಧವೇ ಹೆಚ್ಚಿನದು.

ಕಾವಿಗೆ ಕೂರುತ್ತಿದ್ದುದೇನೋ ನಿಜ. ಪ್ರತಿವರ್ಷ ಪರೀಕ್ಷೆಗೆ ಮೊದಲು ಇಲ್ಲಿಯ ಮತ್ತು ನಮ್ಮದೇ ಮಂಡಳಿಯ ಮೊಳಕಾಲ್ಮೂರು ಕಾಲೇಜಿನ ಕಂಪ್ಯೂಟರುಗಳನ್ನೆಲ್ಲ ಅಳಿಸಿ, ಹೊಸದಾಗಿ ಆಪರೇಟಿಂಗ್ ಸಿಸ್ಟಮ್ ಹಾಕಬೇಕು. ನಮ್ಮ ಡಿಸ್ಕು ಹಳೆಯದು. ಅದನ್ನು ಹಾಕಿ ಮುಗಿಸಿದ ಮೇಲೆ, ಅದು ಹುಟ್ಟಿದಂದಿನಿಂದ ಬಂದ ಅಪ್‌ಡೇಟುಗಳೆಲ್ಲ ಇಂಟರ್ನೆಟ್ಟಿನಿಂದ ಇಳಿಯಬೇಕು. ನಡುನಡುವೆ ಯಂತ್ರ ನಿಂತು ಪ್ರಶ್ನೆ ಕೇಳುತ್ತದೆ: ನಿಮ್ಮ ದೇಶ ಯಾವುದು? ಭಾಷೆ ಯಾವುದು? ಹೆಸರೇನು? ಉತ್ತರಿಸುವವನೊಬ್ಬ ಪಕ್ಕದಲ್ಲಿ ಇರಲೇಬೇಕು. ಮೊಳಕಾಲ್ಮೂರಿನಲ್ಲಿ ನನ್ನೊಡನೆ ಹಾಗೆ ಕೂರುತ್ತಿದ್ದವನು ಗುಮಾಸ್ತ ಓಬಳಪ್ಪ. “ಸಾರ್, ನಲವತ್ತು ಪರ್ಸೆಂಟಿಗೆ ಕುಂತುಬಿಟ್ಟೈತೆ, ಏಳಲ್ಲ ಅಂತೈತೆ” ಎಂದು ವರದಿ ಒಪ್ಪಿಸಿ, ಪರದೆಯನ್ನು “ಪದಮ್ಮಾ, ಪದ”, ಅಂದರೆ ನಡಿಯಮ್ಮಾ ನಡಿ, ಎಂದು ತೆಲುಗಿನಲ್ಲಿ ಹುರಿದುಂಬಿಸುತ್ತಿದ್ದ. ಆ ಹೊತ್ತಿನಲ್ಲಿ ಅವನು ಮಗ್ಗದ ಮನೆಯ ಸುದ್ದಿ ಹೇಳುವುದು, ನಾನು ನನಗಾದ ಅನ್ಯಾಯಗಳನ್ನು ಕ್ರಮವಾಗಿ ವಿವರಿಸುವುದು. ಮದುವೆಯಾಗದೆ ಉಳಿದ ನನ್ನ ಮನೆಯಲ್ಲಿ ನನ್ನನ್ನು ಏನಾದರೂ ಕೇಳುವವನೆಂದರೆ ಗ್ಯಾಸ್ ಸಿಲಿಂಡರು ತರುವವನೊಬ್ಬನೇ. ಅವನೂ ಓಟಿಪಿಯನ್ನಷ್ಟೇ ಕೇಳುತ್ತಾನೆ.

ಆದರೆ ಕೋಳಿಯ ಮಾತು ಒಳಗೆ ಕುದಿಯುತ್ತಿತ್ತು. ಹಟ ಹಿಡಿದು ಕುಳಿತು, ಅಪ್‌ಡೇಟುಗಳನ್ನೆಲ್ಲ ಮೊದಲೇ ಒಳಸೇರಿಸಿ, ಯಂತ್ರ ಕೇಳಬಹುದಾದ ಪ್ರತಿಯೊಂದು ಪ್ರಶ್ನೆಗೂ ಉತ್ತರ ಬರೆದ ಕಡತವೊಂದನ್ನು ಜೊತೆಗಿಟ್ಟು, ಹೊಸ ಪೆನ್‌ಡ್ರೈವ್ ಸಿದ್ಧಪಡಿಸಿದೆ. ಸಣ್ಣ ತಪ್ಪು ಕಂಡರೂ ಎಲ್ಲವನ್ನೂ ಮೊದಲಿನಿಂದ ಕಟ್ಟಿದೆ. ಕೊನೆಗೆ ಅದು ಎಷ್ಟು ಪರಿಪೂರ್ಣವಾಯಿತೆಂದರೆ, ಚುಚ್ಚಿ ಗುಂಡಿ ಒತ್ತಿದರೆ ಸಾಕು, ಯಾರನ್ನೂ ಏನನ್ನೂ ಕೇಳದೆ ತನ್ನಷ್ಟಕ್ಕೆ ತಾನು ಕೆಲಸ ಮುಗಿಸುತ್ತಿತ್ತು. ವಿಜಯೋತ್ಸಾಹದಿಂದ ಮೊಳಕಾಲ್ಮೂರಿನ ಬಸ್ಸು ಹತ್ತಿದೆ. ಓಬಳಪ್ಪ ಎಂದಿನಂತೆ ಎರಡು ಕುರ್ಚಿ ಎಳೆದು, ಚಹಾಕ್ಕೆ ಹೇಳಿ ಬಂದ. ಚಹಾ ಬರುವಷ್ಟರಲ್ಲಿ ಕಂಪ್ಯೂಟರುಗಳ ಮೊದಲ ಸಾಲು ಮುಗಿದಿತ್ತು.

“ಆಗೋತಾ ಸಾರ್? ಏನೂ ಕೇಳ್ಲೇ ಇಲ್ವಲ್ಲ!”

“ಕೇಳುವುದಿಲ್ಲ. ಅದೇ ಅದರ ಹೆಚ್ಚುಗಾರಿಕೆ.”

“ಹಂಗಾರೆ ನಾನು ಫೀಸಿನ ಕೆಲ್ಸ ನೋಡ್ಕಂಬ್ತೀನಿ, ನೀವು ಚಾ ಕುಡೀರಿ” ಎಂದು ಅವನು ಎದ್ದು ಹೋದ. ಎರಡನೆಯ ಕುರ್ಚಿಯ ಎದುರು ನಾನು ಚಹಾ ಕುಡಿದೆ.

ಕಾರ್ಯದರ್ಶಿಗಳು ಹೊಗಳಲಿಲ್ಲ, ಅದನ್ನೂ ಮರೆತಿಲ್ಲ. “ಇಷ್ಟು ಸಲೀಸಾದ್ಮೇಲೆ ನೀವ್ಯಾಕೆ ಬಸ್ಸಿನಾಗೆ ಅಲಿಬೇಕು? ಮುಂದಿನ್ಸಲಿ ಕಂಡಕ್ಟ್ರು ಕೈಲಿ ಕಳ್ಸಿರಿ, ಸಾಕು” ಎಂದರು. ಮೊಳಕಾಲ್ಮೂರಿನ ನನ್ನ ದಿನಗಳನ್ನು ನಾನೇ ಕೈಯಾರೆ ಕಟ್ಟಿ ಮುಗಿಸಿದ್ದೆ.

ಈ ವರ್ಷ ಹೊಸ ಅಪ್‌ಡೇಟುಗಳನ್ನು ಸೇರಿಸಿ ಮತ್ತೆ ಕಟ್ಟುವಾಗ, ಕೆಲಸದಲ್ಲಿ ಎಂದೂ ಕುಂದು ಉಳಿಸದ ನಾನು, ಉತ್ತರಗಳ ಕಡತದಲ್ಲಿ ಒಂದೇ ಒಂದು ಜಾಗವನ್ನು ಬೇಕೆಂದೇ ಖಾಲಿ ಬಿಟ್ಟೆ. ಅಲ್ಲಿಗೆ ಬಂದಾಗ ಯಂತ್ರ ನಿಂತು ಕೇಳಬೇಕು. ಓಬಳಪ್ಪ ಗಾಬರಿಯಾಗಿ ಫೋನು ಮಾಡಬೇಕು. ನಾನು “ಫೋನಿನಲ್ಲಿ ಹೇಳುವಂಥದ್ದಲ್ಲ” ಎಂದು ಗಂಭೀರವಾಗಿ ಬಸ್ಸು ಹತ್ತಬೇಕು. ಪೆನ್‌ಡ್ರೈವನ್ನು ಕಂಡಕ್ಟರಿಗೆ ಕೊಟ್ಟು, ಇಸ್ತ್ರಿಯಾದ ಅಂಗಿ ತೊಟ್ಟು ಮನೆಯಲ್ಲಿ ಕುಳಿತೆ. ಮಧ್ಯಾಹ್ನವಾದರೂ ಫೋನಿಲ್ಲ. ಒಲೆಯ ಮೇಲೆ ಅನ್ನಕ್ಕಿಟ್ಟು, ತಡೆಯಲಾರದೆ ನಾನೇ ಫೋನು ಮಾಡಿದೆ.

“ಆಗ್ಲೇ ಮುಗೀತು ಸಾರ್! ಮಧ್ಯದಾಗೆ ನಿಂತು ಏನೋ ಕೇಳ್ತು. ನೀವು ಇದ್ದಿದ್ರೆ ಏನು ಒತ್ತತಿದ್ರಿ ಅಂತ ಯೋಚ್ನೆ ಮಾಡಿ, ಅದನ್ನೇ ಒತ್ತಿದೆ. ಹೋಗೇಬಿಡ್ತು. ನೀವೇ ಕಲಿಸಿದ್ದಲ್ವಾ!”

ಅಭಿನಂದಿಸಲೋ ಗದರಲೋ ತಿಳಿಯದೆ ಅನ್ನದ ಪಾತ್ರೆಯ ಮುಚ್ಚಳ ಸರಿಸಿದೆ. ಆ ಕಡೆಯಿಂದ ಅವನೇ ದನಿ ತಗ್ಗಿಸಿ, “ನೀವು ಬರ್ಲಿಲ್ಲ ಅಂದ್ರೆ ಬ್ಯಾಸ್ರ ಸಾರ್, ಕುರ್ಚಿ ಎರಡೂ ಹಾಕಿದ್ದೆ. ಊಟ ಆತಾ?” ಎಂದ.

“ಆಯ್ತಪ್ಪ, ಇಡುತ್ತೇನೆ” ಎಂದು ಫೋನಿಟ್ಟುಬಿಟ್ಟೆ. ಅಕ್ಕಿ ಇನ್ನೂ ಕುದಿಯುತ್ತಿತ್ತು. ಕೊನೆಗೂ ಒಬ್ಬ ಪ್ರಶ್ನೆ ಕೇಳಿದ್ದ. ನಾನು ಮೊದಲೇ ತುಂಬಿಟ್ಟ ಉತ್ತರ ಕೊಟ್ಟು ಕೆಲಸ ಮುಗಿಸಿದ್ದೆ.