ಕೆಟ್ಟ ಗಡಿಯಾರದ ನಿಲ್ದಾಣ

ವಾಚು ಮಾವ ತನ್ನ ಅಂಗಡಿಯ ಎದುರಿನ ಗೋಪುರಕ್ಕೆ ಏಣಿ ಹಾಕಿ, ಅದರ ಗಡಿಯಾರವನ್ನು ರಿಪೇರಿ ಮಾಡಿ ಹನ್ನೊಂದು ವರ್ಷವಾಗಿತ್ತು. ಅಂದಿನಿಂದ ಅದು ಒಂದು ನಿಮಿಷವೂ ತಪ್ಪಿರಲಿಲ್ಲ. ಆದರೂ ಕೆಳಗಿನ ಬಸ್ ನಿಲ್ದಾಣಕ್ಕೆ ಜನರ ಬಾಯಲ್ಲೂ ಬೋರ್ಡಿನಲ್ಲೂ ಒಂದೇ ಹೆಸರು: ಕೆಟ್ಟ ಗಡಿಯಾರ.

ಆ ಬೆಳಿಗ್ಗೆ ಹೊಸ ಗಿರಾಕಿಯೊಬ್ಬ ಫೋನಿನಲ್ಲಿ ಅಂಗಡಿಯ ಗುರುತು ಕೇಳಿದ. “ಕೆಟ್ಟ ಗಡಿಯಾರದ ಎದುರಿಗೆ” ಎಂದ ಮಾವ.

“ಎದುರಿಗಿರೋದನ್ನೇ ಸರಿ ಮಾಡೋಕಾಗಿಲ್ಲ, ನಂದೇನು ಮಾಡ್ತೀರ?” ಎಂದು ಅವನು ಫೋನಿಟ್ಟ.

ಮಾವನ ಪಿತ್ತ ನೆತ್ತಿಗೇರಿತು. ಹೀಗೇ ಆದರೆ ಅಂಗಡಿ ಮುಚ್ಚಬೇಕಾದೀತೆಂದು, ಹೆಸರು ಬದಲಿಸಲು ಅರ್ಜಿ ಬರೆದು ಸಹಿಗೆ ಹೊರಟ.

ಪಕ್ಕದಂಗಡಿಯ ದರ್ಜಿ ಪೆನ್ನು ಮುಟ್ಟಲೇ ಇಲ್ಲ. “ಹೆಸರು ಬದಲಾದ್ರೆ ನಮ್ಮ ನೆಂಟರು ದಾರಿ ತಪ್ತಾರೆ, ಮಾವ.”

“ಅದಕ್ಕೇ ಕೊಡಿ ಇಲ್ಲಿ” ಎಂದು ಅವನ ಹೆಂಡತಿ ಸಹಿ ಹಾಕಿದಳು.

ಔಷಧಿ ಅಂಗಡಿಯ ಅಜ್ಜ, “ನಾನು ಹುಟ್ಟಿದ್ದೇ ಕೆಟ್ಟ ಗಡಿಯಾರದಲ್ಲಿ ಕಣಯ್ಯಾ!” ಎಂದು ಅರ್ಜಿಯನ್ನು ಹಿಂದಕ್ಕೆ ತಳ್ಳಿದ.

ಆದರೆ ಪುರಸಭೆಯ ಸದಸ್ಯೆ ಅದನ್ನು ಓದಿ ಕರಗಿಹೋದರು. “ಹನ್ನೊಂದು ವರ್ಷದಿಂದ ಒಬ್ಬರೂ ನಿಮಗೆ ಥ್ಯಾಂಕ್ಸ್ ಹೇಳಿಲ್ವಾ? ನಿಮ್ಮ ಹೆಸರೇ ಇಡೋಣ!” ಚುನಾವಣೆ ಹತ್ತಿರವಿತ್ತು. ಮಧ್ಯಾಹ್ನದೊಳಗೆ ಬೋರ್ಡು ಏರಿತು: ‘ವಾಚು ಮಾವ ನಿಲ್ದಾಣ’.

ಮಾವನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಅಂಗಡಿಗೆ ಬೀಗ ಹಾಕಿ ಮನೆಗೆ ಹೋದ, ಗಡದ್ದಾಗಿ ಉಂಡು ಗೊರಕೆ ಹೊಡೆದ.

ಸಂಜೆ ಬಂದು ನೋಡಿದರೆ ಅಂಗಡಿ ಮುಂದೆ ಜನವೋ ಜನ. ಬಾಗಿಲು ತೆರೆದಿತ್ತು. ಎರಡನೇ ಕೀಲಿ ಇಟ್ಟುಕೊಂಡಿದ್ದ ದರ್ಜಿ ಒಳಗೆ ನಿಂತು, ಅಳುತ್ತಳುತ್ತಲೇ ಒಬ್ಬೊಬ್ಬರ ವಾಚನ್ನು ಹುಡುಕಿ ವಾಪಸ್ ಕೊಡುತ್ತಿದ್ದ.

“ಏನಾಯ್ತು?” ಎಂದು ಮಾವ ಗುಂಪಿನ ಹಿಂದೆ ನಿಂತಿದ್ದ ಅಪರಿಚಿತನನ್ನು ಕೇಳಿದ.

“ಪಾಪ, ವಾಚು ಮಾವ ಹೋಗ್ಬಿಟ್ರಂತೆ. ಬೋರ್ಡ್ ನೋಡ್ಲಿಲ್ವಾ? ಬದುಕಿರೋರ ಹೆಸರು ಯಾರಿಡ್ತಾರೆ? ಅಂಗಡೀನೂ ಮುಚ್ಚಿತ್ತು.”

ಮಾವ ಕೂಗಲು ಬಾಯಿ ತೆರೆದ. ಅಷ್ಟರಲ್ಲಿ ಒಳಗಿಂದ ದರ್ಜಿಯ ದನಿ ಬಂತು: “ಎಂಥಾ ಕೈ ಅದು! ಅಂಥೋರು ಇನ್ನು ಹುಟ್ಟಲ್ಲ.” ತೆರೆದ ಬಾಯಿ ಹಾಗೇ ಮುಚ್ಚಿತು. ಇದೊಂದು ಮಾತು ಕೇಳಿಬಿಡೋಣ, ಇನ್ನೊಂದು ಕೇಳಿಬಿಡೋಣ ಎಂದು ಅವನು ಕಂಬದ ಮರೆಗೆ ಸರಿದ. ತನ್ನನ್ನು ಜನ ಇಷ್ಟು ಪ್ರೀತಿಸುತ್ತಾರೆಂದು ತಿಳಿದು ನಿಜವಾಗಿಯೂ ಅಳು ಬಂತು. ಕಣ್ಣೊರೆಸಿಕೊಂಡು ಒಳಹೊಕ್ಕಾಗ ಕಪಾಟಿನಲ್ಲಿ ಒಂದೇ ಒಂದು ವಾಚು ಉಳಿದಿತ್ತು. ಅವನನ್ನು ಕಂಡ ದರ್ಜಿ ಸ್ಟೂಲಿನ ಮೇಲೆ ಕುಸಿದ.

ಆ ವಾಚಿನ ಒಡತಿ ಟೀಚರಮ್ಮ ಇತ್ತ ಬೆನ್ನು ಮಾಡಿ ಬಿಕ್ಕುತ್ತಿದ್ದರು. “ನಂದು ವಾಪಸ್ ಬೇಡ. ಆ ದೇವರಂಥಾ ಮನುಷ್ಯನ ನೆನಪಿಗೆ ಇಲ್ಲೇ ಇರ್ಲಿ.”

“ಟೀಚರಮ್ಮ, ನಾನು ಬದುಕಿದ್ದೀನಿ!”

ಅವರು ತಿರುಗಿದರು. ಕಣ್ಣೀರು ಅಲ್ಲೇ ಇಂಗಿತು. “ಬದುಕಿದ್ದೀರಾ? ಮತ್ತೆ ಮೂರು ತಿಂಗಳಿಂದ ನನ್ನ ವಾಚು ಯಾಕ್ರೀ ರಿಪೇರಿಯಾಗಿಲ್ಲ?”

ಮಾವನಿಗೆ ನಗು ತಡೆಯಲಾಗಲಿಲ್ಲ. ದರ್ಜಿಯನ್ನು ಸ್ಟೂಲಿನಿಂದ ಎಬ್ಬಿಸಿ ತಾನು ಕೂತು, ಭೂತಗನ್ನಡಿಯನ್ನು ಕಣ್ಣಿಗೆ ಸಿಕ್ಕಿಸಿಕೊಂಡ.

“ಹತ್ತು ನಿಮಿಷ ಕೂತ್ಕೊಳ್ಳಿ. ಇವತ್ತು ಬೇರೆ ಕೆಲಸ ಇಲ್ಲ.”