ಹಸಿ ಮೆಂತ್ಯೆಯ ಗ್ಯಾರಂಟಿ

ಹಿರಿಯೂರಿನ ಮಾರ್ಕೆಟ್ಟಿನಲ್ಲಿ ಹನುಮೇಶನ ಮೆಂತ್ಯೆಸೊಪ್ಪಿನ ವ್ಯಾಪಾರ ಆವತ್ತು ಬೆಳಿಗ್ಗೆಯೇ ನೆಲ ಕಚ್ಚಿತು. ಕಾರಣ, ಆರೋಗ್ಯ ಇಲಾಖೆಯ ದಿವ್ಯಾ ಮೇಡಂ. ಸೊಪ್ಪಿಗೆ ಕಣ್ಣಿಗೆ ಕಾಣದಂಥ ಜಂತುಹುಳುವಿನ ಮೊಟ್ಟೆ ಅಂಟಿರಬಹುದು, ಚೆನ್ನಾಗಿ ತೊಳೆದು ಬೇಯಿಸಿ ತಿನ್ನಿ ಎಂದು ಅವರು ಹಿಂದಿನ ದಿನ ಮಹಿಳಾ ಸಂಘದಲ್ಲಿ ಹೇಳಿದ್ದರು. ಕೇಳಿದವರು ಮೊಟ್ಟೆಯನ್ನಷ್ಟೇ ನೆನಪಿಟ್ಟುಕೊಂಡು ಉಳಿದದ್ದನ್ನು ಮರೆತರು.

ಮಧ್ಯಾಹ್ನಕ್ಕೆ ಬಾಡಿದರೆ ಸೊಪ್ಪೆಲ್ಲ ಎಮ್ಮೆಯ ಪಾಲು. ಹನುಮೇಶನಿಗೆ ಅಳು ಬರುವುದೊಂದು ಬಾಕಿ. ಸಾಲಿನ ಕೊನೆಯಲ್ಲಿದ್ದ ನೀರಿನ ಡ್ರಮ್ಮಿಗೆ ಒಂದೊಂದೇ ಕಟ್ಟನ್ನು ಅದ್ದಿ, ಜಾಡಿಸಿ, ಫಳಫಳ ಹೊಳೆಯುವಂತೆ ಜೋಡಿಸಿಟ್ಟ.

ಮೊದಲ ಗಿರಾಕಿ ಏಕನಾಥಮ್ಮ ಒಂದು ಕಟ್ಟನ್ನು ಹಿಂದೆಮುಂದೆ ತಿರುಗಿಸಿ ನೋಡಿದರು.

"ಹುಳ ಇಲ್ಲ ಅನ್ನಾಕೆ ಏನ್ ಗ್ಯಾರಂಟಿ ಐತೆ? ನೀನೇ ತಿಂದು ತೋರ್ಸಪ್ಪ."

ಹನುಮೇಶ ಒಂದು ಹಿಡಿ ಹಸಿ ಸೊಪ್ಪನ್ನು ಕಚಕಚ ಅಗಿದು ನುಂಗಿದ. ಏಕನಾಥಮ್ಮ ಎರಡು ಕಟ್ಟು ಕೊಂಡರು. ಆಮೇಲೆ ಬಂದವರಿಗೆಲ್ಲ ಅದೇ ಹಟ, ತಮ್ಮ ಕಣ್ಣೆದುರಿಗೇ ತಿನ್ನಬೇಕು. ಪಕ್ಕದಲ್ಲಿ ಮೂಲಂಗಿ ಮಾರುವ ಚಂದ್ರಕ್ಕ ಬೇರೆ, ಹಿಂದೆ ನಿಂತವರಿಗೆ ಕಾಣಲಿಲ್ಲ, ಇನ್ನೊಂದು ತುತ್ತು ತಿನ್ನು ಎಂದು ಹುರಿದುಂಬಿಸಿದಳು. ಮಧ್ಯಾಹ್ನದ ಹೊತ್ತಿಗೆ ಹನುಮೇಶ ಕರುವಿನಂತೆ ಹಸಿರು ಜೊಲ್ಲು ಸುರಿಸುತ್ತಿದ್ದ. ಬುಟ್ಟಿಯೇನೋ ಖಾಲಿಯಾಗಿತ್ತು.

ಅಷ್ಟರಲ್ಲಿ ದಿವ್ಯಾ ಮೇಡಮ್ಮೇ ಬಂದರು. ಹನುಮೇಶ ಎದೆ ಉಬ್ಬಿಸಿಕೊಂಡು, ತೊಳೆದದ್ದನ್ನೂ ತಿಂದದ್ದನ್ನೂ ಒಂದೂ ಬಿಡದೆ ವರದಿ ಒಪ್ಪಿಸಿದ.

"ಎಲ್ಲಿ ತೊಳೆದ್ರಿ?" ಎಂದರು ಮೇಡಂ.

ಅವನು ಡ್ರಮ್ಮಿನತ್ತ ಕೈ ತೋರಿಸಿದ. ಚಂದ್ರಕ್ಕ ಅದರಲ್ಲಿ ಮಣ್ಣು ಮೆತ್ತಿದ ಮೂಲಂಗಿ ಅದ್ದುತ್ತಿದ್ದಳು. ಬೆಳಗಿನಿಂದ ಇಡೀ ಸಾಲಿನವರು ತರಕಾರಿ ಅದ್ದಿದ ನೀರು ಹುರುಳಿ ಸಾರಿನ ಬಣ್ಣಕ್ಕೆ ತಿರುಗಿತ್ತು.

"ಕೊಂಡೋರು ಮನೇಲಿ ತೊಳೆದು ಬೇಯಿಸ್ಕೊಂಡು ತಿಂತಾರೆ, ಅವರಿಗೇನೂ ಆಗಲ್ಲ. ಹಸೀದು ತಿಂದೋರು ಊರಿಗೆಲ್ಲ ನೀವೊಬ್ರೇ ನೋಡ್ರಿ."

ಮೇಡಂ ಬ್ಯಾಗಿನಿಂದ ಹುಳುವಿನ ಮಾತ್ರೆ ತೆಗೆದು, ಅಲ್ಲೇ ಜಗಿದು ನುಂಗುವಂತೆ ಹೇಳಿದರು. ಅವನು ಮುಖ ಹಿಂಡಿಕೊಂಡು ಜಗಿಯುವುದಕ್ಕೂ, ಏಕನಾಥಮ್ಮ ಕೊತ್ತಂಬರಿಗೆಂದು ಆ ಕಡೆ ಬರುವುದಕ್ಕೂ ಸರಿಹೋಯಿತು.

"ನೋಡ್ರೇ ಇಲ್ಲಿ, ಮಾರೋನೇ ಹುಳದ್ ಮಾತ್ರೆ ತಿಂತಾವ್ನೆ."

ವಿವರಿಸೋಣವೆಂದರೆ ಹನುಮೇಶನ ಬಾಯಿ ತುಂಬ ಮಾತ್ರೆಯ ಹಿಟ್ಟು. ಸುದ್ದಿ ಹಬ್ಬಿ, ಕೊಂಡವರೆಲ್ಲ ಒಬ್ಬೊಬ್ಬರಾಗಿ ಬಂದು, ಕಟ್ಟು ವಾಪಸ್ ಕೊಟ್ಟು, ದುಡ್ಡಿಗೆ ಕೈ ಚಾಚಿದರು. ಸ್ವಲ್ಪ ಹೊತ್ತಿಗೆಲ್ಲ ಬುಟ್ಟಿ ಬೆಳಿಗ್ಗೆ ಇದ್ದಂತೆಯೇ ತುಂಬಿಕೊಂಡಿತು, ಅವನು ತಿಂದದ್ದೊಂದನ್ನು ಬಿಟ್ಟು.