ಬೀಗ ಬಳಗದ ಏಕರೂಪ ಪ್ರಕ್ರಿಯೆ

ನಮ್ಮ ಕಂಪನಿಯ ಎಲ್ಲ ಎಲೆಕ್ಟ್ರಾನಿಕ್ ಬೀಗಗಳೂ ಒಂದೇ ಸಾಫ್ಟ್‌ವೇರಿನಿಂದ ನಡೆಯುತ್ತವೆ ಎಂದು ತಿಳಿಸಲು ಹೆಮ್ಮೆಯಾಗುತ್ತದೆ. ಬ್ಯಾಂಕಿನ ತಿಜೋರಿಯ ಬೀಗ ಹಿರಿಯಣ್ಣ. ಅದರ ಬೆನ್ನಿಗೆ ಗೇಟಿನದು, ಮನೆ ಬಾಗಿಲಿನದು. ಹಂದಿಮರಿಯಾಕಾರದ ಮಕ್ಕಳ ಹುಂಡಿಯದು ಕಡೆಯ ಕೂಸು. ತಿಜೋರಿಯ ಕಟ್ಟುನಿಟ್ಟಾದ ವಿಧಿವಿಧಾನವನ್ನೇ ಇಡೀ ಬಳಗಕ್ಕೆ ವಿಸ್ತರಿಸತಕ್ಕದ್ದೆಂದು ಮುಖ್ಯಸ್ಥೆ ಆದೇಶ ಹೊರಡಿಸಿದಾಗ ನಾವೆಲ್ಲ ಎದ್ದು ನಿಂತು ಚಪ್ಪಾಳೆ ತಟ್ಟಿದೆವು. ಇನ್ನು ಮುಂದೆ ಯಾವ ಬೀಗದಲ್ಲಿ ಒಂದಕ್ಷರ ತಿದ್ದಿದರೂ ನಾಲ್ಕೂ ತಂಡಗಳು ತಮ್ಮ ತಮ್ಮ ಬೀಗದಲ್ಲಿ ಪರೀಕ್ಷಿಸಿ ಒಪ್ಪಬೇಕು. ಎಷ್ಟು ಅಚ್ಚುಕಟ್ಟು ನೋಡಿ.

ಮರುದಿನವೇ, ಮನೆ ಬಾಗಿಲಿನ ಬೀಗ ಪರೀಕ್ಷಿಸಲು ಕೊಠಡಿಯೊಳಗೆ ಹೋದ ಪರೀಕ್ಷಕ ಹೊರಗೆ ಬರಲಿಲ್ಲ. ಬೀಗ ಬಿತ್ತು, ತೆರೆಯಲಿಲ್ಲ. ಮಗಳು ಆಗಷ್ಟೇ ಹೆಜ್ಜೆಯಿಡಲು ಕಲಿಯುತ್ತಿದ್ದಳು, ಬೇಗ ಮನೆಗೆ ಹೋಗಬೇಕೆಂಬ ಆತುರ ಪಾಪ ಅವನಿಗೆ. ಒಳಗೇ ಕೂತು ತಪ್ಪು ಹುಡುಕಿ ಒಂದು ಸಾಲು ತಿದ್ದಿಯೂ ಬಿಟ್ಟ. ಅದನ್ನು ಬೀಗಕ್ಕೆ ತುಂಬಲು ಬಳಗದ ಒಪ್ಪಿಗೆಯೊಂದು ಬಾಕಿಯಿತ್ತು, ಅಷ್ಟೇ.

ಬಡಗಿಯನ್ನು ಕರೆಸಿ ಬಾಗಿಲು ಒಡೆಸೋಣವೆಂದು ಯಾರೋ ಅತಿ ಬುದ್ಧಿವಂತಿಕೆ ತೋರಿಸಿದರು. ಬಾಗಿಲು ಅಧಿಕೃತ ಮಾದರಿಯಾದ್ದರಿಂದ ಅದಕ್ಕೆ ಗೀರು ಬಿದ್ದರೂ ಎಲ್ಲ ಪರೀಕ್ಷೆ ಮೊದಲಿನಿಂದ ನಡೆಯಬೇಕಾಗುತ್ತದೆಂದು ಮುಖ್ಯಸ್ಥೆ ನೆನಪಿಸಿದರು. ಒಳಗೇ ಶೌಚಾಲಯವಿದೆ, ಕಿಟಕಿಯ ಸರಳಿನ ಸಂದಿನಲ್ಲಿ ಊಟದ ಡಬ್ಬಿ ತೂರುತ್ತದೆ, ಅವನಿಗೇನು ಕಮ್ಮಿ ಎಂದರು. ನನಗೆ ಹೊಟ್ಟೆಕಿಚ್ಚಾಯಿತು. ನನ್ನ ಮೇಜಿನ ಹತ್ತಿರ ಕಿಟಕಿಯೇ ಇಲ್ಲ.

ತಿಜೋರಿ ತಂಡ ಸಾವಧಾನವಾಗಿ ಪರೀಕ್ಷಿಸಿತು. ಗೇಟಿನ ತಂಡ, ಬೀಗ ನೆನೆಯಬೇಕು, ಮಳೆ ಬರಲಿ ಎಂದಿತು. ಮಳೆಯೂ ಬಂತು. ಹುಂಡಿ ತಂಡದಲ್ಲಿದ್ದದ್ದು ಒಬ್ಬನೇ. ಅವನು ತನ್ನೊಂದಿಗೆ ತಾನೇ ಸಭೆ ನಡೆಸಿ, ಒಮ್ಮತ ಮೂಡಲಿಲ್ಲವೆಂದು ವರದಿ ಕೊಟ್ಟು ಕೆಲಸ ಬಿಟ್ಟ. ಆ ಜಾಗಕ್ಕೆ, ಯಾವಾಗ ಕರೆದರೂ ಕಚೇರಿಯಲ್ಲೇ ಸಿಗುವ ನಮ್ಮ ಪರೀಕ್ಷಕನಿಗಿಂತ ಯೋಗ್ಯರು ಯಾರಿದ್ದಾರೆ? ಬಡ್ತಿ ಪತ್ರವನ್ನು ಕಿಟಕಿಯಿಂದ ಕೊಟ್ಟೆವು. ಅವನು ಕಣ್ಣಿಗೊತ್ತಿಕೊಂಡ.

ಉಳಿದ ಮೂರೂ ತಂಡಗಳು ಒಪ್ಪಿಯಾಗಿತ್ತು, ಈಗ ಅವನೊಬ್ಬನ ಒಪ್ಪಿಗೆ ಮಾತ್ರ ಉಳಿದಿತ್ತು. ವಿಷಯ ತಿಳಿದ ಅವನ ಹೆಂಡತಿ ಮಗಳನ್ನೆತ್ತಿಕೊಂಡು ಓಡಿಬಂದಳು. ಕಿಟಕಿಯ ಮುಂದೆ ನಮ್ಮದೊಂದು ಗುಂಪೇ ನೆರೆದಿತ್ತು.

“ನೀವು ಹೂಂ ಅಂದ್ರೆ ಬಾಗಿಲು ತೆಗೆಯತ್ತಂತೆ. ಹೂಂ ಅಂದ್ಬಿಡಿ, ಮನೆಗೆ ಹೋಗೋಣ,” ಎಂದಳು.

ಅವನು ಸರಳಿನ ಸಂದನ್ನು ಬೆರಳಿನಿಂದ ಅಳೆದು ನೋಡಿದ. “ಹಾಗೆಲ್ಲ ಅನ್ನೋಕಾಗಲ್ಲ ಕಣೆ. ಹುಂಡೀಲಿ ಪರೀಕ್ಷೆ ಮಾಡ್ದೆ ಹೇಗೆ ಒಪ್ಲಿ? ಹುಂಡಿ ನೋಡಿದ್ರೆ ಹೊಟ್ಟೆ ದಪ್ಪ, ಈ ಸರಳಲ್ಲಿ ತೂರಲ್ಲ.”

ಮುಖ್ಯಸ್ಥೆಯ ಕಣ್ಣು ತುಂಬಿಬಂತು. ಇಂಥ ಒಬ್ಬನಿದ್ದರೆ ಸಾಕು, ಪ್ರಕ್ರಿಯೆ ಉಳಿಯುತ್ತದೆ ಎಂದರು. ನಾವು ಮತ್ತೆ ಚಪ್ಪಾಳೆ ತಟ್ಟಿದೆವು.

ಹೆಂಡತಿ ನಮ್ಮೆಲ್ಲರ ಮುಖವನ್ನೂ ಒಮ್ಮೆ ನೋಡಿದಳು. ನಿಯಮ ಅಂದಮೇಲೆ ಇನ್ನೇನು ಮಾಡೋಕಾಗುತ್ತೆ ಎನ್ನುತ್ತ ಸೆರಗು ಸರಿಮಾಡಿಕೊಂಡಳು. ಆಮೇಲೆ ಮಗಳ ಕೈ ಹಿಡಿದು ಕಿಟಕಿಯತ್ತ ಆಡಿಸಿದಳು.

“ಮಾಮಂಗೆ ಟಾಟಾ ಮಾಡು, ಪುಟ್ಟಿ.”